ನಡುವಿನ ಪೆಟ್ಟಿಗೆ

೧ ಜನವರಿ ೨೦೨೫, ಬುಧವಾರ

ಹೆಸರು: ಶ್ರೀಮತಿ ಪಾಲಹಳ್ಳಿ ನಿಂಗರಾಜು ಪ್ರಮೀಳಾ, ಎಂ.ಎ., ಬಿ.ಎಡ್. ಸೇವೆ: ಪ್ರೌಢಶಾಲಾ ಕನ್ನಡ ಶಿಕ್ಷಕಿ, ಮೂವತ್ತಮೂರು ವರ್ಷ, ಶ್ರೀರಂಗಪಟ್ಟಣ ತಾಲ್ಲೂಕು. ಈಗ ನಿವೃತ್ತಿ. ವಾಸ: ಪಾಂಡವಪುರ. ಡೈರಿಯ ಮೊದಲ ಪುಟದಲ್ಲಿ ವಾಹನದ ನಂಬರೂ ಕೇಳಿದ್ದಾರೆ. ವಾಹನವಿಲ್ಲ.

ಹತ್ತು ಗಂಟೆಗೆ ಬರುತ್ತೇನೆಂದವನು ಹನ್ನೆರಡೂವರೆಗೆ ಬಂದ. ಯಾಸಿನ್ ಎಂದು ಹೆಸರು. ಬಸ್ ನಿಲ್ದಾಣದ ಹತ್ತಿರದ ನಾಗಾರ್ಜುನನ ಅಂಗಡಿಯಿಂದ ಹೋಮ್ ಥಿಯೇಟರ್ ಜೋಡಿಸಲು ಬಂದವನು. ಐದು ಪೆಟ್ಟಿಗೆ, ಗುಮ್ಮೆನ್ನುವ ಆರನೆಯದು ಬೇರೆ. ಹೊರಗಿನ ರಟ್ಟಿನ ಅಂಟುಪಟ್ಟಿ ಮೊದಲೇ ಹರಿದಿತ್ತು. ಏಕೆಂದು ಕೇಳಿದೆ.

“ಚೆಕ್ ಮಾಡಕ್ಕೆ ಅಂಗ್ಡೀಲೇ ಬಿಚ್ತೀವಿ ಟೀಚರಮ್ಮ. ಒಳ್ಗಡೆ ಇಟ್ಗೆ ಗಿಟ್ಗೆ ಇಟ್ಟಿಲ್ಲ, ಬೇಕಾದ್ರೆ ತೂಕ ನೋಡಿ.”

ನಗುತ್ತಾನೆ. ಕೇಳಿದ ಪ್ರಶ್ನೆಗೆ ನಗುತ್ತ ಉತ್ತರಿಸುವವರನ್ನು ನಾನು ತರಗತಿಯಲ್ಲಿಯೂ ನಂಬಿದವಳಲ್ಲ.

ಹೊಸ ಡೈರಿಯಾದ್ದರಿಂದ ಇದನ್ನೂ ಬರೆದಿಡುತ್ತೇನೆ. ಇದನ್ನು ತರಿಸಿದವರು ನಮ್ಮವರು, ಶಿವಶಂಕರ್. ನಾಟಕದ ಮೇಷ್ಟ್ರು. ಹಾರ್ಮೋನಿಯಂ ಹಿಡಿದು ಹಳ್ಳಿ ಹಳ್ಳಿಗೆ ಹೋಗಿ ರೈತರಿಗೆ ಪೌರಾಣಿಕ ನಾಟಕ ಕಲಿಸುವವರು. ಟಿ.ವಿ. ಹಾಕಿದರೆ ಶ್ರುತಿ ಕೆಡುತ್ತದೆ ಎಂದು ಎದ್ದುಬಂದು ಆರಿಸುತ್ತಿದ್ದವರು. ಇವರಿಗೆ ಇದೇಕೆ ಬೇಕಾಯಿತು?

“ವಯಸ್ಸಾಯ್ತಲ್ಲಮ್ಮಿ. ಒಂದ್ ಆಸೆ.”

ಮದುವೆಯಾದಂದಿನಿಂದ ಆಸೆ ಎಂಬ ಮಾತನ್ನು ಊಟದ ವಿಷಯಕ್ಕಲ್ಲದೆ ಬಳಸಿದವರಲ್ಲ. ಏನೋ ಇದೆ.

೨ ಜನವರಿ

ನಿನ್ನೆ ಬರೆಯದೆ ಬಿಟ್ಟದ್ದು. ಆರು ಪೆಟ್ಟಿಗೆಗಳಲ್ಲಿ ಮುಖ್ಯವಾದದ್ದು ಸೆಂಟರ್ ಎನ್ನುವುದಂತೆ. ಟಿ.ವಿ.ಯ ಕೆಳಗೆ ಅಡ್ಡಲಾಗಿ ಮಲಗಿಸುವುದು. ಪಾತ್ರಗಳ ಮಾತೆಲ್ಲ ಅದರಿಂದಲೇ ಬರಬೇಕು. ಉಳಿದ ಪೆಟ್ಟಿಗೆಗಳಿಗೆ ಹಾಡು, ಗಾಳಿ, ಗುಡುಗು. ಜೊತೆಗೆ ಬಂದ ಕೈಪಿಡಿಯಲ್ಲಿ ಹತ್ತು ಭಾಷೆಗಳಿವೆ, ಕನ್ನಡವಿಲ್ಲ. ನಿಘಂಟು ಇಟ್ಟುಕೊಂಡು ಇಂಗ್ಲಿಷಿನ ಪುಟ ಓದಿದೆ. ಪೆಟ್ಟಿಗೆ ಟಿ.ವಿ.ಯ ನಟ್ಟನಡುವೆ ಇರಬೇಕು, ಮುಖ ಕೂತವರ ಕಿವಿಯ ಕಡೆಗೆ ಸ್ವಲ್ಪ ಎತ್ತಿರಬೇಕು. ಅಷ್ಟೇ.

ಯಾಸಿನ್ ಪರೀಕ್ಷೆಗೆಂದು ಒಂದು ಸದ್ದು ಹಾಕಿದ. ಒಗ್ಗರಣೆಗೆ ನೀರು ಬಿದ್ದಂತೆ ಷ್ ಎನ್ನುವ ಸದ್ದು. ಅದು ಎಡದ ಪೆಟ್ಟಿಗೆಯಲ್ಲಿ ಹುಟ್ಟಿ, ನಡುವಿನದಕ್ಕೆ ಬಂದು, ಬಲಕ್ಕೆ ಹೋಗಿ, ನಮ್ಮ ಬೆನ್ನ ಹಿಂದಕ್ಕೆ ಸುತ್ತಿ ಬರುತ್ತದೆ. ನಡುವಿನದು ನಡುವಿನಿಂದಲೇ ಬಂತು. ಸ್ಪಷ್ಟ. ಆದರೆ ಇವರು, “ಬಲಕ್ ಎಳೀತದೆ, ಸರ್ಯಾಗಿಲ್ಲ” ಎಂದರು. ಯಾಸಿನ್ ಇವರ ಮುಖವನ್ನೇ ನೋಡಿದ. ಮತ್ತೆ ಹಾಕಿದ. ಮತ್ತೆ ಬಲಕ್ಕೆ ಎಂದರು. ನಂತರ ಅವನು ಜಾಸ್ತಿ ಮಾತನಾಡದೆ ಸಾಮಾನು ಕಟ್ಟಿಕೊಂಡು ಹೋದ. ಅಷ್ಟು ಬಾಯಿಯವನು ಇದ್ದಕ್ಕಿದ್ದಂತೆ ಸುಮ್ಮನಾದದ್ದೇಕೆ? ಪೆಟ್ಟಿಗೆಯಲ್ಲಿ ದೋಷವಿರುವುದು ಅವನಿಗೆ ಗೊತ್ತು.

ಅಳತೆಪಟ್ಟಿ ತಂದು ಸ್ಟ್ಯಾಂಡಿನ ಮಧ್ಯ ಗುರುತಿಸಿದೆ. ಪೆನ್ಸಿಲಿನ ಗೆರೆ ಎಳೆದೆ. ಪೆಟ್ಟಿಗೆಯನ್ನು ಗೆರೆಗೆ ಸರಿಯಾಗಿ ಕೂರಿಸಿದೆ.

೫ ಜನವರಿ

ಪೆಟ್ಟಿಗೆ ಗೆರೆಯಿಂದ ಎಡಕ್ಕೆ ಹೋಗಿದೆ. ನಾಲ್ಕು ಬೆರಳು.

ಮನೆಗೆಲಸದ ಮಾಯಮ್ಮನನ್ನು ಕೇಳಿದೆ.

“ನಾ ಮುಟ್ಟೇ ಇಲ್ಲ ಕಣ್ರವ್ವ. ಅದ್ರ ಮ್ಯಾಲೆ ಧೂಳ್ ಕುಂತದೆ, ನೀವೇ ನೋಡಿ. ನಾ ಮುಟ್ಟಿದ್ರೆ ಧೂಳ್ ಇರ್ತಿತ್ತಾ?”

ಧೂಳು ಇತ್ತು. ಒರೆಸದೆ ಇರುವುದನ್ನೇ ಸಾಕ್ಷಿಯಾಗಿ ಹೇಳುವವಳನ್ನು ಏನೆನ್ನುವುದು. ಆದರೆ ಸಾಕ್ಷಿ ಸಾಕ್ಷಿಯೇ. ಅವಳನ್ನು ಬಿಟ್ಟೆ. ಪೆಟ್ಟಿಗೆಯನ್ನು ಗೆರೆಗೆ ತಂದೆ.

೮ ಜನವರಿ, ಸಂಜೆ

ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಬಚ್ಚಲಲ್ಲಿ ಎರಡು ಟೀ ಲೋಟ. ಯಾರು ಬಂದಿದ್ದರು?

“ಯಾಸಿನ್ ಬಂದಿದ್ದ. ಸೆಟ್ಟಿಂಗ್ ನೋಡಕ್ಕೆ.”

ಕರೆದವರು ಯಾರು? ಸುಮ್ಮನೆ ಈ ಕಡೆ ಹೋಗುತ್ತಿದ್ದನಂತೆ. ಅವನ ಮನೆ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ. ಸುಮ್ಮನೆ ಹೋಗುವ ದಾರಿಯಲ್ಲಿ ನಮ್ಮ ಮನೆ ಸಿಕ್ಕುವುದಿಲ್ಲ.

ಪೆಟ್ಟಿಗೆ ಮತ್ತೆ ಎಡಕ್ಕೆ. ಈ ಸಲ ಒಂದು ಗೇಣು.

೧೪ ಜನವರಿ, ಸಂಕ್ರಾಂತಿ

ಎಳ್ಳು ಬೀರಿ ಬಂದು ಕೂತೆವು. ಇವರು ವಾರ್ತೆ ಹಾಕಿದರು. ದಿವಾನದ ಆ ತುದಿಯಲ್ಲಿ, ಮುಖ ಗೋಡೆಯ ಕಡೆಗೆ ತಿರುಗಿಸಿ, ಕೋಪಿಸಿಕೊಂಡವರಂತೆ ಕೂರುತ್ತಾರೆ. ಕೋಪವೇನೆಂದರೆ ಇಲ್ಲ ಎನ್ನುತ್ತಾರೆ. ವಾರ್ತೆಯವಳ ಮಾತು ಎಡಗಡೆಯಿಂದ ಬರುತ್ತಿತ್ತು, ಪೆಟ್ಟಿಗೆ ಎಡಕ್ಕೆ ಇತ್ತಲ್ಲ. ಹಾಗೆಂದೆ. ಇವರು, ಇಲ್ಲ, ಈಗಲೂ ಬಲಕ್ಕೇ ಇದೆ, ಇನ್ನೂ ಸರಿಸಬೇಕು ಎಂದರು. ಮಾತಿಗೆ ಮಾತು ಬೆಳೆಯಿತು.

“ಸಂಗೀತುದ್ ಕಿವಿ ನಂದು ಟೀಚರಮ್ಮ. ನಿಂದು ವ್ಯಾಕರಣುದ್ ಕಿವಿ. ಅದು ತಪ್ ಮಾತ್ರ ಕೇಳ್ತದೆ.”

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಅದು ಹಾರ್ಮೋನಿಯಂನ ಯಾವ ಮನೆಯ ಶ್ರುತಿ ಎಂದು ಹೇಳುವ ಕಿವಿ ಅದು. ಒಪ್ಪುತ್ತೇನೆ. ಹಾಗಿದ್ದರೆ ದೋಷ ಪೆಟ್ಟಿಗೆಯಲ್ಲಿಯೇ ಇರಬೇಕು. ಅಥವಾ ನಮ್ಮ ಹೊಸ ಪೆಟ್ಟಿಗೆಯನ್ನು ಕೊಂಡುಹೋಗಿ ಯಾರದೋ ಹಳೆಯದನ್ನು ಇಲ್ಲಿಟ್ಟಿರಬೇಕು. ಎರಡು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕು.

೧೭ ಜನವರಿ

ಇವರು ನಾಟಕದ ಪ್ರಾಕ್ಟೀಸಿನಿಂದ ಬಂದವರು ಊಟ ಬೇಡವೆಂದರು. ಈ ವರ್ಷದ ನಾಟಕ ನಾಗಮಂಗಲದ ಕಡೆಯ ಒಂದು ಹಳ್ಳಿಯದು. ಅಂಗಡಿಯ ನಾಗಾರ್ಜುನನ ಊರು. ತಂಡದ ಮುಖಂಡನೂ ಅವನೇ, ಒಂದು ಪಾತ್ರವೂ ಅವನದೇ. ದೀಪಾವಳಿಗೆ ಮೊದಲೇ ಬಂದು ಮೇಷ್ಟ್ರಿಗೆ ತಾಂಬೂಲ ಕೊಟ್ಟು ಒಪ್ಪಿಸಿ ಹೋಗಿದ್ದಾರೆ. ಯುಗಾದಿಗೆ ಪ್ರದರ್ಶನ.

ನಾಗಾರ್ಜುನ ಫೋನ್ ಮಾಡಿದ್ದ. ಇವರು ಸ್ನಾನದಲ್ಲಿದ್ದರು, ನಾನು ಎತ್ತಿದೆ.

“ಮೇಷ್ಟ್ರು ಇವತ್ತು ಭಾಳ ಗರಂ ಮೇಡಂ. ಹೊಸ್ದಾಗ್ ಪಾರ್ಟ್ ಮಾಡೋ ಸಿದ್ದರಾಜು ಮ್ಯಾಲೆ ಎಗ್ರಾಡುಬುಟ್ರು. ಅವ್ನು ಪಾಪ ಹಾಡು ಎತ್ಕಂಡೆ ಅಂತಾನೆ, ಇವ್ರು ಎತ್ತೇ ಇಲ್ಲ ಕಣ್ಲಾ ಅಂತಾರೆ. ಅವ್ನೋ ಆರಡಿ ಆಳು, ಕಣ್ಣಲ್ಲಿ ನೀರ್ ಹಾಕಂಡ.”

ಹೊಸಬರಿಗೆ ಗದರುವುದು ಇವರ ಕ್ರಮವಲ್ಲ. ಕೇಳಿದೆ. ಸಿದ್ದರಾಜು ಎಂಬವನಿಗೆ ತಾಳವಿಲ್ಲ ಎಂದಷ್ಟೇ ಹೇಳಿ ಮಲಗಿದರು.

೨೨ ಜನವರಿ

ಬೆಳಿಗ್ಗೆ ಯಾಸಿನ್ ಬೈಕಿನಲ್ಲಿ ಬಂದ. ಸೆಂಟರ್ ಪೆಟ್ಟಿಗೆ ಕೆಟ್ಟಿದೆಯಂತೆ. ಮೈಸೂರಿನ ಸರ್ವಿಸ್ ಸೆಂಟರಿಗೆ ಕೊಟ್ಟು ಬದಲಾಯಿಸಿ ತರುತ್ತಾರಂತೆ. ಇಬ್ಬರೂ. ಒಂದು ಮೊಳದ ಪೆಟ್ಟಿಗೆಯನ್ನು ಹೊರಲು ಇಬ್ಬರೇಕೆ?

“ಸೈನ್ ಆಕ್ಬೇಕು ಟೀಚರಮ್ಮ, ಕಸ್ಟಮರ್ದು.”

ನಾನೂ ಬರಲೇ ಎಂದೆ. ಬೈಕಿನಲ್ಲಿ ಜಾಗವಿಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಟವಲಿನಲ್ಲಿ ಸುತ್ತಿಕೊಡುವ ನೆಪದಲ್ಲಿ ಪೆಟ್ಟಿಗೆಯ ತಳದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಪ್ರ’ ಎಂದು ಬರೆದೆ.

ಸಂಜೆ ಐದಕ್ಕೆ ಬಂದರು. “ಬದಲಾಯ್ಸ್ ಕೊಟ್ರು” ಎಂದರು ನಮ್ಮವರು. ದಣಿದಿದ್ದರು. ಯಾಸಿನ್ ಗೇಟಿನಿಂದಲೇ ಹೋದ. ಇವರು ಕೈಕಾಲು ತೊಳೆಯಲು ಹೋದಾಗ ಪೆಟ್ಟಿಗೆ ತಿರುಗಿಸಿ ನೋಡಿದೆ.

‘ಪ್ರ’.

ಅದೇ ಪೆಟ್ಟಿಗೆ. ಸುಳ್ಳನ್ನು ಮೊದಲು ಹೇಳಿದವನು ಅವನೋ, ಇವರೋ...

೨೩ ಜನವರಿ

ಅಂಗಡಿಗೆ ಹೋದೆ. ನಾಗಾರ್ಜುನ ಎದ್ದು ನಿಂತು ಕುರ್ಚಿ ಕೊಟ್ಟ. ಮೈಸೂರಿಗೆ ಯಾರನ್ನೂ ಕಳಿಸಿಲ್ಲ, ಪೆಟ್ಟಿಗೆ ಕೆಟ್ಟಿದೆ ಎಂದು ಯಾರೂ ಹೇಳಿಲ್ಲ, ಯಾಸಿನ್ ನಿನ್ನೆ ರಜೆ ಹಾಕಿದ್ದ. ಹಾಗಾದರೆ ಬರೆದುಕೊಡುತ್ತೇನೆ ಎಂದೆ. ಅಲ್ಲಿಯೇ ಕೂತು ಬರೆದೆ. ರಟ್ಟು ಹರಿದಿದ್ದದ್ದು, ನಾನಿಲ್ಲದ ಹೊತ್ತಿನಲ್ಲಿ ಅವನು ಬಂದದ್ದು, ಪೆಟ್ಟಿಗೆ ಪದೇಪದೇ ಜಾಗ ಬದಲಿಸಿದ್ದು, ಮೈಸೂರಿನ ಸುಳ್ಳು, ಪೆನ್ಸಿಲಿನ ಗುರುತು. ಕಳ್ಳ ಎಂಬ ಪದ ಬಳಸಲಿಲ್ಲ. ‘ಪ್ರಾಮಾಣಿಕತೆಯ ಬಗ್ಗೆ ಬಲವಾದ ಸಂಶಯ’ ಎಂದು ಬರೆದೆ.

“ನೀವು ಬರ್ದ್ ಮ್ಯಾಲೆ ಮುಗೀತು ಬುಡಿ ಮೇಡಂ” ಎಂದ ನಾಗಾರ್ಜುನ. ಅವನ ಅಣ್ಣ ನನ್ನ ವಿದ್ಯಾರ್ಥಿ.

೨೫ ಜನವರಿ

ಯಾಸಿನ್‌ನನ್ನು ಕೆಲಸದಿಂದ ತೆಗೆದಿದ್ದಾರೆ. ಏಕೆ ಹೋಗಿದ್ದೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲವಂತೆ. ತಪ್ಪು ನಂದೇ ಅಣ್ಣ ಎಂದು ಹೇಳಿ ಡ್ರಿಲ್ಲಿಂಗ್ ಮಿಷನ್ ಇಟ್ಟು ಹೋದನಂತೆ.

ಇವರಿಗೆ ಹೇಳಿದೆ. ಅನ್ನ ಕಲಸಿದ್ದ ಕೈ ಹಾಗೆಯೇ ನಿಂತಿತು.

“ನನ್ನ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?”

“ನೀವು ನಿಜ ಹೇಳುತ್ತಿದ್ದಿರಾ?”

ತಟ್ಟೆಯಲ್ಲಿಯೇ ಕೈ ತೊಳೆದು ಎದ್ದರು. ಹಾರ್ಮೋನಿಯಂ ಪೆಟ್ಟಿಗೆ ತೆರೆಯಲಿಲ್ಲ. ಒಬ್ಬ ಮೆಕ್ಯಾನಿಕ್ಕಿನ ಕೆಲಸ ಹೋದದ್ದಕ್ಕೆ ಇವರೇಕೆ ಸೂತಕ ಹಿಡಿಯಬೇಕು? ಇಬ್ಬರೂ ಸೇರಿ ಏನೋ ನಡೆಸುತ್ತಿದ್ದಾರೆ. ನನಗೆ ತಿಳಿಯಬಾರದಾದದ್ದು.

೯ ಫೆಬ್ರವರಿ, ಭಾನುವಾರ

ಹದಿನೈದು ದಿನದಿಂದ ಬರೆದಿಲ್ಲ. ಬರೆಯಲು ಇದ್ದದ್ದು ಅನುಮಾನ ಮಾತ್ರ. ಇಂದು ಅದು ಮುಗಿಯಿತು.

ಶ್ರೀರಂಗಪಟ್ಟಣದಲ್ಲಿ ನಿವೃತ್ತ ಶಿಕ್ಷಕರ ಸಭೆ. ಅಧ್ಯಕ್ಷರು ಬರಲಿಲ್ಲ, ಸಭೆ ನಡೆಯಲಿಲ್ಲ. ಬೇಗ ಬಂದೆ. ಬಾಗಿಲಲ್ಲಿ ಅವನ ಚಪ್ಪಲಿ. ಒಳಗಿನಿಂದ ಷ್ ಎನ್ನುವ ಆ ಸದ್ದು. ಕಿಟಕಿಯ ಹತ್ತಿರ ನಿಂತೆ. ಹಿಡಿಯಲೆಂದೇ ನಿಂತೆ, ಸುಳ್ಳೇಕೆ.

ಇವರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಯಾಸಿನ್ ರಿಮೋಟ್ ಹಿಡಿದು ನೆಲದ ಮೇಲೆ. ಸದ್ದು ಎಡದ ಪೆಟ್ಟಿಗೆಯಲ್ಲಿತ್ತು.

“ಈಗ ಎಲ್ಲಿ ಮೇಷ್ಟ್ರೇ?”

ಇವರು ಬಲಗೈ ಎತ್ತಿದರು. ಬಲಕ್ಕೆ ತೋರಿಸಿದರು.

ಸದ್ದು ನಡುವಿಗೆ ಬಂತು. ಬಲಕ್ಕೆ ತೋರಿಸಿದರು. ಬೆನ್ನ ಹಿಂದೆ ಎಡಮೂಲೆಗೆ ಹೋಯಿತು. ಬಲಕ್ಕೆ.

“ಸರಿ ಬಂತಾ?” ಎಂದು ಕೇಳಿದರು, ಕಣ್ಣು ಮುಚ್ಚಿಕೊಂಡೇ. ಪರೀಕ್ಷೆ ಬರೆದು ಹೊರಗೆ ಬಂದ ಹುಡುಗರು ಕೇಳುವಂತೆ.

“ಪರ್ವಾಗಿಲ್ಲ ಮೇಷ್ಟ್ರೇ. ಓದ್ ವಾರುಕ್ಕಿಂತ ವಾಸಿ” ಎಂದ ಯಾಸಿನ್. ನಗಲಿಲ್ಲ.

ಬಾಗಿಲು ತಳ್ಳಿದೆ. ಯಾಸಿನ್ ಎದ್ದು ನಿಂತ. ಇವರಿಗೆ ನಾನು ಬಂದದ್ದು ತಿಳಿಯಲಿಲ್ಲ. ಬಾಗಿಲು ಇವರ ಎಡಕ್ಕೆ.

೧೦ ಫೆಬ್ರವರಿ

ಎಲ್ಲವನ್ನೂ ಹೇಳಿದರು. ದೀಪಾವಳಿ ಕಳೆದ ಮೇಲೆ ಜ್ವರ ಬಂದಿತ್ತಲ್ಲ, ಅದು ಬಿಟ್ಟ ದಿನ ಎಡಗಿವಿ ಕೇಳಿಸದೆ ಹೋಯಿತು. ನೀರು ಹೊಕ್ಕಿರಬೇಕೆಂದು ಸುಮ್ಮನಿದ್ದರು. ಸುತ್ತಲೂ ಪೆಟ್ಟಿಗೆ ಇದ್ದರೆ ಕಿವಿ ಪಳಗೀತು ಎಂದು ಯೋಚಿಸಿ ಇದನ್ನು ತರಿಸಿದರು. ಯಾಸಿನ್‌ಗೆ ಮೊದಲ ದಿನವೇ ಗೊತ್ತಾಯಿತು. ಒಂದೇ ಕಿವಿಯಿದ್ದರೆ ಸದ್ದು ಎಲ್ಲಿಂದ ಬಂದರೂ ಆ ಕಿವಿಯ ಕಡೆಯಿಂದ ಬಂದ ಹಾಗೆಯೇ ಇರುತ್ತದಂತೆ. ಅವನ ಮಾವನಿಗೂ ಹೀಗೆಯೇ ಆಗಿತ್ತಂತೆ. ಮೈಸೂರಿಗೆ ಹೋದದ್ದು ಕಿವಿಯ ಡಾಕ್ಟರ ಹತ್ತಿರ. ನರದ ತೊಂದರೆ, ತಡವಾಗಿದೆ, ಎಡಗಿವಿ ಮರಳುವುದಿಲ್ಲ, ಬಲಗಿವಿ ಚೆನ್ನಾಗಿದೆ ಎಂದಿದ್ದಾರೆ.

ಪೆಟ್ಟಿಗೆ ಸರಿಸುತ್ತಿದ್ದವರು ಇವರೇ.

“ಮಾತು ಬಲುಕ್ ಎಳೀತಿತ್ತು. ಪೆಟ್ಗೇನ ಎಡಕ್ ತಳ್ಳುದ್ರೆ ನಡೂಕ್ ಬತ್ತದೆ ಅನ್ಕಂಡೆ. ತಳ್ಳಿ ತಳ್ಳಿ ಗ್ವಾಡೆ ಮುಟ್ಟಿಸ್ದೆ. ಬರ್ಲಿಲ್ಲ.”

ನನಗೇಕೆ ಹೇಳಲಿಲ್ಲ?

“ನಿಂಗ್ ಯೋಳುದ್ರೆ ನೀನ್ ಸುಮ್ಕಿರ್ತಿದ್ಯಾ? ನಾಗಾರ್ಜುನುಂಗ್ ಗೊತ್ತಾದ್ರೆ ಇಡೀ ತಂಡುಕ್ ಗೊತ್ತಾಯ್ತದೆ. ಅವತ್ತು ಸಿದ್ದರಾಜು ನನ್ ಎಡುಕ್ ನಿಂತಿದ್ದ. ಹಾಡು ಎತ್ಕಂಡವ್ನೆ, ನಂಗ್ ಕೇಳಿಲ್ಲ. ಅಷ್ಟ್ ಜನದ್ ಮುಂದೆ ಬೈದ್ಬುಟ್ಟೆ. ಅಮ್ಮಿ, ಕಿವುಡ್ ಮೇಷ್ಟ್ರುನ್ನ ಯಾರ್ ಕರೀತಾರೆ? ಇದ್ ಬುಟ್ರೆ ನಂಗ್ ಇನ್ನೇನ್ ಗೊತ್ತು?”

ಯಾಸಿನ್? ಎಂದೆ.

“ಅವ್ನೇ ಅಂದ, ಯುಗಾದಿ ಗಂಟ ತಡ್ಕತೀನಿ ಮೇಷ್ಟ್ರೇ ಅಂತ. ನಾಟ್ಕ ಮುಗೀಲಿ. ಆಮೇಲ್ ನಾನೇ ಯೋಳ್ತೀನಿ.”

ಸರಿ ಎಂದೆ. ಸರಿಯಲ್ಲ ಎಂದು ಗೊತ್ತಿದ್ದೂ ಆ ಮುಖ ನೋಡಿ ಎಂದೆ. 

೧೫ ಫೆಬ್ರವರಿ, ಶನಿವಾರ

ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದಳು. ಬುರ್ಖಾ ಸರಿಸಿದಾಗ ಗುರುತು ಹತ್ತಿತು. ಶಬ್ರೀನ್. ಹತ್ತನೆಯ ತರಗತಿಯಲ್ಲಿ ನನ್ನಲ್ಲಿ ಓದಿದವಳು. ದುಂಡಗಿನ ಅಕ್ಷರ. ಯಾಸಿನ್‌ನ ಹೆಂಡತಿ ಎಂದು ಈಗ ತಿಳಿಯಿತು. ಇವರು ಪ್ರಾಕ್ಟೀಸಿಗೆ ಹೋಗಿದ್ದರು. ಕೂರೆಂದರೆ ಕೂರಲಿಲ್ಲ.

“ಟೀಚರ್, ನಮ್ ಶ್ರೀರಂಗಪಟ್ಣದಲ್ಲೂ ಯಾರೂ ಕೆಲ್ಸಕ್ಕೆ ತಗೋತಿಲ್ಲ. ಮಾಲು ಬದಲಾಯ್ಸೋನು ಅಂತ ಹೆಸ್ರು ಬಂದೈತೆ. ಅವ್ರ ಕೆಲ್ಸ ಜನಗಳ ಮನೆ ಒಳ್ಗಡೇನೇ ಅಲ್ವಾ? ಮನೆ ಒಳ್ಗೇ ಬಿಟ್ಕೊಳ್ದೆ ಇದ್ರೆ?”

ನೀರು ತಂದಿಟ್ಟೆ.

“ಜಗಳಕ್ಕೆ ಬಂದಿಲ್ಲ. ಮನೇಲಿ ಕೇಳ್ದ್ರೆ ಏನೂ ಹೇಳಲ್ಲ. ತಪ್ಪು ನಂದೇ ಅಂತಾರೆ, ಯಾ ಅಲ್ಲಾ, ಏನ್ ತಪ್ಪು ಅಂದ್ರೆ ಎದ್ದು ಹೊರಗೆ ಹೋಗ್ತಾರೆ. ನೀವು ಬರ್ದು ಕೊಟ್ರಂತೆ. ನೀವು ಸುಳ್ಳು ಬರೆಯೋರಲ್ಲ, ನಂಗೊತ್ತು. ಅದ್ಕೇ ನಿಮ್ಮನ್ನೇ ಕೇಳೋಣ ಅಂತ ಬಂದೆ. ಏನ್ ಕದ್ರು ಟೀಚರ್ ಅವ್ರು?”

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಗಂಡ ಕದ್ದಿರಬಹುದು ಎಂದು ನಂಬಲು ತಯಾರಾಗಿ ಬಂದಿದ್ದಳು, ಬರೆದವಳು ನಾನೆಂಬ ಒಂದೇ ಕಾರಣಕ್ಕೆ.

ಏನೂ ಕದ್ದಿಲ್ಲ ಎಂದೆ. ಮತ್ತೆ ಏಕೆ ಬರೆದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ನೀರು ಕೂಡ ಮುಟ್ಟದೆ ಹೋದಳು.

೧೬ ಫೆಬ್ರವರಿ

ಇವರಿಗೆ ಹೇಳಿದೆ. ಶಬ್ರೀನ್ ಕೇಳಿದ ಮಾತನ್ನು ಅವಳು ಕೇಳಿದಂತೆಯೇ ಹೇಳಿದೆ. ಬಹಳ ಹೊತ್ತು ಹಾರ್ಮೋನಿಯಂನ ತಿದಿಯ ಮೇಲೆ ಕೈ ಇಟ್ಟು ಕೂತಿದ್ದರು. ಊದಲಿಲ್ಲ.

“ಯುಗಾದಿ...” ಎಂದರು. ಹಾರ್ಮೋನಿಯಂ ಮುಚ್ಚಿ ಎದ್ದರು. 

೧೮ ಫೆಬ್ರವರಿ, ಮಂಗಳವಾರ, ಬೆಳಿಗ್ಗೆ ಹನ್ನೊಂದು

ಕರಡು. ಆಮೇಲೆ ಶುದ್ಧಪ್ರತಿ ಮಾಡುವುದು.

ಶ್ರೀ ನಾಗಾರ್ಜುನ ಅವರಿಗೆ,

ದಿನಾಂಕ ೨೩-೧-೨೦೨೫ರಂದು ನಾನು ನಿಮಗೆ ನೀಡಿದ ದೂರನ್ನು ಹಿಂಪಡೆಯುತ್ತೇನೆ.

‘ಹಿಂಪಡೆಯುತ್ತೇನೆ’ ಸಾಲದು. ದಯೆ ತೋರಿಸಿದ ಹಾಗಾಗುತ್ತದೆ. ಹೊಡೆದು ಹಾಕಿ ಮತ್ತೆ:

ನಾನು ನಿಮಗೆ ನೀಡಿದ ದೂರು ತಪ್ಪು. ಯಾಸಿನ್ ನಮ್ಮ ಮನೆಯಿಂದ ಏನನ್ನೂ ಒಯ್ದಿಲ್ಲ, ಏನನ್ನೂ ಬದಲಾಯಿಸಿಲ್ಲ. ಸೆಂಟರ್ ಪೆಟ್ಟಿಗೆ ನೀವು ಕಳಿಸಿದ್ದೇ, ಕೆಟ್ಟಿಲ್ಲ, ಅವನು ಕೂರಿಸಿದ ಕ್ರಮದಲ್ಲಿಯೂ ದೋಷವಿಲ್ಲ. ಅದರ ಜಾಗ ಬದಲಿಸಿದವರು ನಮ್ಮ ಮನೆಯವರೇ. ದಿನಾಂಕ ೨೨ರಂದು ಅವನು ಮೈಸೂರಿಗೆ ಹೋದದ್ದು ನನ್ನ ಪತಿಯವರನ್ನು ಆಸ್ಪತ್ರೆಗೆ ಕರೆದೊಯ್ಯಲು. ಅದನ್ನು ನಿಮಗೆ ಹೇಳದೆ ಇದ್ದದ್ದು ಅವರ ಮೇಲಿನ ಗೌರವದಿಂದ. ಅವನನ್ನು ಮರಳಿ ಕೆಲಸಕ್ಕೆ ಕರೆಯಬೇಕು. ದೂರನ್ನು ಯಾರು ಯಾರಿಗೆ ತೋರಿಸಿದ್ದೀರೋ ಅವರಿಗೆಲ್ಲ ಈ ಪತ್ರವನ್ನೂ ತೋರಿಸಬೇಕು.

ಲಗತ್ತುಗಳು:

೧. ನನ್ನ ದೂರಿನ ನಕಲು, ತಪ್ಪಾದ ಸಾಲುಗಳಿಗೆ ಅಡಿಗೆರೆ ಎಳೆದದ್ದು.

೨. ಆಸ್ಪತ್ರೆಯ ಚೀಟಿ, ದಿನಾಂಕ ೨೨-೧-೨೦೨೫. ಜೊತೆಯಲ್ಲಿ ಬಂದವರು ಎಂಬಲ್ಲಿ ಯಾಸಿನ್‌ನ ಸಹಿ ಇದೆ.

ಮೂರನೆಯದರ ಮುಂದೆ ನಿಲ್ಲಿಸಿದೆ. ಆಸ್ಪತ್ರೆ ಎಂದರೆ ನಾಗಾರ್ಜುನ ಏನು ಕಾಯಿಲೆ ಎಂದು ಕೇಳುತ್ತಾನೆ. ಕಾರಣ ಹೇಳದ ಪತ್ರವನ್ನು ಓದಿ, ಮೇಡಂ ಕನಿಕರಕ್ಕೆ ಬರೆದಿದ್ದಾರೆ ಎನ್ನುತ್ತಾರೆ. ಯಾಸಿನ್‌ನ ಹೆಸರು ಇದ್ದಲ್ಲಿಯೇ ಇರುತ್ತದೆ. ಕಾರಣ ಹೇಳಿದರೆ ಇವರ ಹೆಸರು ಹೋಗುತ್ತದೆ.

ಇವರು ಪಕ್ಕದಲ್ಲಿಯೇ ಕೂತಿದ್ದರು. ಬರೆದಷ್ಟನ್ನು ಓದಿ ಹೇಳಿದೆ. ಡಾಕ್ಟರು ಕೊಟ್ಟ ಕಿವಿಯ ವರದಿಯನ್ನೂ ಸೇರಿಸಲೇ ಎಂದು ಕೇಳಿದೆ. ಉತ್ತರವಿಲ್ಲ. ನಾನು ಎಡಕ್ಕೆ ಕೂತಿದ್ದೆ ಎಂಬುದು ಆಗ ನೆನಪಾಯಿತು. ಎದ್ದು ಬಲಕ್ಕೆ ಹೋಗಿ ಮತ್ತೆ ಕೇಳಿದೆ.

“ಮೊದಲ್ನೇ ಸಲ್ವೇ ಕೇಳ್ತು ಕಣಮ್ಮಿ. ಉತ್ರ ಉಡುಕ್ತಿದ್ದೆ.”

ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಇಸ್ತ್ರಿಯ ಅಂಗಿ ಹಾಕಿದ್ದರು. ವರದಿಯನ್ನು ಡೈರಿಯ ಮೇಲೆ ಇಟ್ಟರು.

“ಅಂಚೇಗ್ ಆಕ್ಬ್ಯಾಡ. ನಾನೇ ತಗಂಡ್ ಓಯ್ತೀನಿ. ಕಾಗ್ದ ಕೊಟ್ಟು ಬಾಯ್ನಲ್ಲೂ ಯೋಳ್ತೀನಿ.”

“ನಾಟಕ?”

“ಸಿದ್ದರಾಜು ನನ್ ಬಲುಕ್ ನಿಂತ್ಕಂಡ್ ಆಡ್ಲಿ, ಒಪ್ಪುದ್ರೆ. ಒಪ್ದೆ ಇದ್ರೆ ಬ್ಯಾರೆ ಮೇಷ್ಟ್ರುನ್ನ ನೋಡ್ಕಳ್ಲಿ.” ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. “ಕರಡೇ ಸಾಕು, ಅರ್ದು ಕೊಡು. ನಿನ್ ಶುದ್ಧಪ್ರತಿ ಆಗೋ ಗಂಟ ನಂಗ್ ಧೈರ್ಯ ಇರಾಕಿಲ್ಲ.”

ಹರಿದ ಹಾಳೆಯಲ್ಲಿ ನಾನು ಯಾರಿಗೂ ಏನನ್ನೂ ಕೊಟ್ಟವಳಲ್ಲ. ಇರಲಿ.

೩. ನನ್ನ ಪತಿ ಶ್ರೀ ಶಿವಶಂಕರ್ ಅವರ ಎಡಗಿವಿಯ ಪರೀಕ್ಷಾ ವರದಿ, ಮೂಲಪ್ರತಿ, ತರುತ್ತಿರುವವರು ಸ್ವತಃ ಅವರೇ.